ಎಕೋ ನೋಡಿದರು, ನಡೆಸಿ ನೋಡಲಿಲ್ಲ

ದಾವಣಗೆರೆಯಲ್ಲಿ ದೊಡ್ಡ ಆಪರೇಷನ್ ಎಂದರೆ ಮೊದಲು ಫಿಟ್‌ನೆಸ್, ಅಂದರೆ ಆಪರೇಷನ್ ತಡೆದುಕೊಳ್ಳಬಲ್ಲರು ಎಂಬ ಚೀಟಿ, ತರಬೇಕು. ಇಸಿಜಿ, ಎಕೋ (ಹೃದಯದ ಸ್ಕ್ಯಾನ್), ಸಕ್ಕರೆ, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡಿ ಫಿಜಿಷಿಯನ್ ಸಹಿ ಹಾಕಿದರೆ ಮುಗಿಯಿತು. ಅವೆಲ್ಲ ಬೇಕಾದವೇ. ಆದರೆ ಹೊಟ್ಟೆ ಕೊಯ್ದ ಮೂರನೆಯ ದಿನ ಈ ಅಜ್ಜಿ ಎದ್ದು ಬಚ್ಚಲಿಗೆ ಹೋಗಿಬರಬಲ್ಲಳೇ ಎಂಬುದನ್ನು ಎಕೋ ಹೇಳುವುದಿಲ್ಲ.

ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಫಿಸಿಯೋಥೆರಪಿಸ್ಟ್. ನಾನಿರುವ ಕಡೆ ವಯಸ್ಸಾದವರಿಗೆ ಕ್ಯಾನ್ಸರ್ ಆಪರೇಷನ್ ಮಾಡುವ ಮುನ್ನ ಮೈಯಲ್ಲಿ ಕಸುವು ಎಷ್ಟು ಉಳಿದಿದೆ ಎಂದು ನೋಡುತ್ತೇವೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಹೇಳಿ ಸಮಯ ಗುರುತಿಸುತ್ತೇವೆ. ತೂಕ ಇಳಿದಿದೆಯೇ, ಊಟ ಸೇರುತ್ತಿದೆಯೇ, ಮರೆವು ಇದೆಯೇ ಎಂದು ಕೇಳುತ್ತೇವೆ. ಕೆನಡಾದ ಕೆನೆತ್ ರಾಕ್‌ವುಡ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ, ಈ ಕಸುವನ್ನು ಅಳೆಯುವ ಮಾಪಕವೊಂದಿದೆ. ಆಗ ಅದರಲ್ಲಿ 7 ಹಂತಗಳಿದ್ದವು, ಈಗ 9. ಅದರಲ್ಲಿ ರೋಗಿಯ ವಯಸ್ಸಿಗಿಂತ ಮುಖ್ಯವಾದುದು, ಕಾಯಿಲೆ ಜೋರಾಗುವ ಮೊದಲು ಆತ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಿದ್ದನೇ ಎಂಬುದು. ಎಂಬತ್ತರಲ್ಲೂ ಗಟ್ಟಿಮುಟ್ಟಾಗಿರುವವರಿದ್ದಾರೆ, ಅರವತ್ತೈದಕ್ಕೇ ಸೋತವರಿದ್ದಾರೆ.

ನನ್ನ ಸೋದರತ್ತೆಗೆ ದೊಡ್ಡ ಕರುಳಿನ ಕ್ಯಾನ್ಸರ್ ಎಂದಾಗ ಊರಿಗೆ ಬಂದಿದ್ದೆ. ವೈದ್ಯರು ಅತ್ತೆಯ ಮಗನಿಗೆ, "ಎಪ್ಪತ್ತನಾಲ್ಕು ವರ್ಷ, ರಿಸ್ಕ್ ಇದೆ, ಯೋಚನೆ ಮಾಡಿ" ಎಂದರಂತೆ. ವಯಸ್ಸು ಫೈಲಿನ ಮೇಲೇ ಬರೆದಿತ್ತು. ಅತ್ತೆಯ ಗಾಜಿನ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದುದು ಎಲ್ಲಿಯೂ ಬರೆದಿರಲಿಲ್ಲ. "ಯುಗಾದಿಯಿಂದ ಅತ್ತೆ ರೊಟ್ಟಿ ಬಡಿಯುವುದನ್ನೇ ಬಿಟ್ಟಿದ್ದಾರೆ, ತೋಳಿಗೆ ಶಕ್ತಿಯಿಲ್ಲ ಎನ್ನುತ್ತಾರೆ" ಎಂದು ಸೊಸೆ ನನಗೆ ಹೇಳಿದಳು. ಅವಳನ್ನು ಆಸ್ಪತ್ರೆಯಲ್ಲಿ ಯಾರೂ ಕೇಳಿರಲಿಲ್ಲ, ಅವಳ ಕೆಲಸವೇನಿದ್ದರೂ ಕ್ಯಾರಿಯರ್ ತರುವುದು.

ಇಂಗ್ಲೆಂಡಿನ ಪ್ರಶ್ನೆಗಳನ್ನು ಹಾಗೆಯೇ ತಂದು ಇಲ್ಲಿ ಕೇಳಿದರೂ ಕೆಲಸ ಕೆಡುತ್ತದೆ. ಹಣಕಾಸು ನೀವೇ ನೋಡಿಕೊಳ್ಳುತ್ತೀರಾ, ಅಂಗಡಿಗೆ ಹೋಗುತ್ತೀರಾ ಎಂದರೆ ನಮ್ಮ ಎಷ್ಟೋ ಹೆಂಗಸರು ಜೀವನವಿಡೀ ಇಲ್ಲ ಎಂದೇ ಹೇಳಬೇಕು. ಅದರ ಬದಲು, ನೆಲದ ಮೇಲೆ ಕೂತವರು ಕೈಯೂರದೆ ಏಳುತ್ತಾರೆಯೇ, ತುಂಬಿದ ಕೊಡ ಎತ್ತುತ್ತಾರೆಯೇ, ಮದುವೆಮನೆಗಳಿಗೆ ಹೋಗುವುದನ್ನು ಯಾವಾಗ ನಿಲ್ಲಿಸಿದರು ಎಂದು ವಿಚಾರಿಸಬಹುದು.

ಕಸುವು ಕುಗ್ಗಿದೆ ಎಂದಾಕ್ಷಣ ಆಪರೇಷನ್ ಬೇಡ ಎಂದಲ್ಲ. ಕರುಳು ಕಟ್ಟಿಕೊಂಡಿದ್ದರೆ ಕಾಯುವ ಮಾತೇ ಇಲ್ಲ. ವ್ಯವಧಾನವಿದ್ದರೆ ಎರಡು ಮೂರು ವಾರ ನಡಿಗೆ, ಉಸಿರಿನ ವ್ಯಾಯಾಮ, ಹಾಲು, ಕಾಳು, ಶೇಂಗಾ, ರಕ್ತಹೀನತೆಗೆ ಚಿಕಿತ್ಸೆ ಕೊಟ್ಟು ಸಿದ್ಧಮಾಡಬಹುದು. ನಮ್ಮ ಮನೆಗಳಲ್ಲಿ ನಡೆಯುವುದು ಇದರ ತಿರುಗುಮುರುಗು: "ಆಪರೇಷನ್ ಇದೆ, ಸುಮ್ಮನೆ ಮಲಗಿರು" ಎನ್ನುತ್ತೇವೆ. ಗಂಜಿ ಕುಡಿಸುತ್ತೇವೆ. ಮಲಗಿದಷ್ಟೂ ಇದ್ದಬದ್ದ ಮಾಂಸಖಂಡವೂ ಕರಗುತ್ತದೆ. ಅದಕ್ಕಿಂತ ಕಷ್ಟದ ಸಂಗತಿ, ಅತ್ತೆಗೆ ಬರಿಯ ಗಡ್ಡೆ ಎಂದು ಹೇಳಿದ್ದರು. ಕ್ಯಾನ್ಸರ್ ಎಂದೇ ತಿಳಿಯದವರಿಗೆ ದಿನಕ್ಕೆರಡು ಸಲ ಓಣಿ ಸುತ್ತಿ ಎಂದರೆ ಏಕೆ ಸುತ್ತಿಯಾರು?

ಇಂಗ್ಲೆಂಡನ್ನು ಹೊಗಳಲು ಹೊರಟಿಲ್ಲ. ಅಲ್ಲಿ ಅಂಕಗಳನ್ನೆಲ್ಲ ಅಚ್ಚುಕಟ್ಟಾಗಿ ಬರೆದುಕೊಂಡ ಮೇಲೆ ಅದೆಷ್ಟೋ ಮುದುಕರು ಒಬ್ಬರೇ ಇರುವ ಮನೆಗೆ ಮರಳುತ್ತಾರೆ. ಅತ್ತೆಯ ಮಂಚದ ಸುತ್ತ ಹಗಲೂ ರಾತ್ರಿ ಜನರಿದ್ದರು. ಎಬ್ಬಿಸಿ ನಡೆಸಲು ಅಷ್ಟು ಕೈಗಳಿದ್ದರೂ ಅವರೆಲ್ಲ ಕಾಲು ಒತ್ತುತ್ತ ಕೂತಿದ್ದರು, ಯಾಕೆಂದರೆ ನಡೆಸಿ ಎಂದು ಯಾರೂ ಹೇಳಿರಲಿಲ್ಲ.

1965ರಿಂದ ವೈದ್ಯಕೀಯ ಕಾಲೇಜಿರುವ ಊರು ನಮ್ಮದು. ಹೌಸ್ ಸರ್ಜನ್‌ಗಳಿಗೆ, ಫಿಸಿಯೋಥೆರಪಿ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಫಿಟ್‌ನೆಸ್ ಬರೆಯುವ ಹಾಳೆಯಲ್ಲಿ ನಡಿಗೆಯ ಸಮಯಕ್ಕೊಂದು, ತೂಕ ಇಳಿದುದಕ್ಕೊಂದು, ಮನೆಯವರು ಹೇಳಿದ್ದಕ್ಕೊಂದು ಸಾಲು ಸೇರಿಸಲಿ. ಅದಕ್ಕೆ ಬೇಕಾದದ್ದು ಒಂದು ಕುರ್ಚಿ, ಒಂದು ಗಡಿಯಾರ, ವರಾಂಡದಲ್ಲಿ ಮೂರು ಮೀಟರ್ ಜಾಗ. ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೂ ಇವಕ್ಕೆ ಬರವಿಲ್ಲ.