ರಾತ್ರಿ ಹತ್ತೂವರೆ ರೌಂಡ್ಸ್

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ನನ್ನ ಸರ್ವರ್, ಅಂದರೆ ಹಗಲು ರಾತ್ರಿ ಓಡುತ್ತಲೇ ಇರಬೇಕಾದ ಕಂಪ್ಯೂಟರ್, ಮತ್ತೆ ಆಫ್. ನಿನ್ನೆ ರಾತ್ರಿ ಅದರೊಳಗಿನ ವಿಂಡೋಸ್ ಸರ್ವರ್ ಅಪ್‌ಡೇಟ್‌ಗೆ ಹಾಕಿ ಮಲಗಿದ್ದೆ. ಶೇಕಡಾ 73 ಆಗಿತ್ತು. ಈಗ ಆನ್ ಮಾಡಿದರೆ ಅದು ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತಾ ಕೂತಿದೆ. ನಾನು ಇದನ್ನು ಬರೆಯುತ್ತಾ ಕೂತಿದ್ದೇನೆ.

ಕರೆಂಟ್ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ಕರೆಂಟ್ ತಾನಾಗಿ ಹೋಗುವುದು ಕಡಿಮೆ, ಅಪ್ಪ ತೆಗೆಯುವುದೇ ಜಾಸ್ತಿ.

ರಾತ್ರಿ ಹತ್ತೂವರೆಗೆ ಅಪ್ಪನ ರೌಂಡ್ಸ್ ಶುರು. ಮೊದಲು ಬಾಗಿಲ ಚಿಲಕ, ಆಮೇಲೆ ಗ್ಯಾಸ್, ಆಮೇಲೆ ಸ್ವಿಚ್ಚುಗಳು. ಟಿವಿ, ಮಿಕ್ಸಿ, ಫೋನ್ ಚಾರ್ಜರ್, ಕೊನೆಗೆ ವೈಫೈ ಡಬ್ಬಿ. ಎಲ್ಲದಕ್ಕೂ ಒಂದೊಂದು ಟಕ್. ಒಂದ್ಸಲ ಹರಿಹರಕ್ಕೆ ಮದುವೆಗೆ ಹೊರಟಾಗ ಫ್ರಿಜ್ಜಿಗೂ ಟಕ್ ಬಿದ್ದಿತ್ತು. ಎರಡು ದಿನ ಬಿಟ್ಟು ಬಂದರೆ ದೋಸೆ ಹಿಟ್ಟು ಡಬ್ಬಿಯ ಮುಚ್ಚಳ ತಲೆ ಮೇಲೆ ಹೊತ್ತುಕೊಂಡು ಹೊರಗೆ ಬಂದು ನಿಂತಿತ್ತು. "ಮನುಷ್ಯರು ಇಲ್ಲದ ಮನಿಗೆ ಕರೆಂಟ್ ಯಾಕ್ ಬೇಕಪ್ಪಾ?" ಅಂದರು. ಅವ್ವ ಒಂದು ವಾರ ದೋಸೆ ಹಾಕಲಿಲ್ಲ.

ಇಂಥ ಮನೆಯಲ್ಲಿ ನಾನು ಸರ್ವರ್ ಇಡಲು ಹೊರಟೆ. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಕೂತು ಬೆಂಗಳೂರಿನ ಕೆಲಸ ಮಾಡುವವನು ನಾನು. ಒಂದೇ ಮಷಿನ್ನಿನಲ್ಲಿ ನಾಲ್ಕೈದು ಕಂಪ್ಯೂಟರ್ ಓಡಿಸಿ ಕಲಿಯೋಣ ಅಂತ ಆಸೆ. ಕ್ಲೌಡ್‌ನಲ್ಲಿ ಮಾಡಿದರೆ ತಿಂಗಳು ತಿಂಗಳು ದುಡ್ಡು. ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೂರು ಪುಟ ಪ್ಲಾನ್ ಬರೆದೆ. ಕೋರ್ ಎಷ್ಟು, ರ‍್ಯಾಮ್ ಎಷ್ಟು, ಡಿಸ್ಕ್ ಎಷ್ಟು, ದುಡ್ಡು ಎಷ್ಟು. ಅಪ್ಪ ಎಷ್ಟು ಅಂತ ಮಾತ್ರ ಬರೆಯಲಿಲ್ಲ.

ಮೊದಲು ಕಣ್ಣು ಬಿದ್ದದ್ದು ಕಂಪನಿಗಳ ಕಪಾಟಿನಲ್ಲಿ ಜೋಡಿಸಿಡುವ ರ‍್ಯಾಕ್ ಸರ್ವರ್ ಮೇಲೆ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಗೆಳೆಯನೊಬ್ಬ ತಂದಿದ್ದ ಹಳೇ ಮಾಲು. ಎರಡು ಝಿಯಾನ್ ಪ್ರೊಸೆಸರ್, 128 ಜಿಬಿ ರ‍್ಯಾಮ್, 25 ಸಾವಿರ ರೂಪಾಯಿ. ಕಾಗದದ ಮೇಲೆ ಇದಕ್ಕಿಂತ ಅಗ್ಗ ಇಲ್ಲ. "ಸುಮ್ನೆ ಹಚ್ಚಿ ನೋಡು, ಆಮೇಲೆ ದುಡ್ಡು ಕೊಡು" ಅಂತ ಆಟೋದಲ್ಲಿ ಮನೆಗೇ ತಂದ. ಇಬ್ಬರೂ ಹಿಡಿದು ಒಳಗೆ ತರುವಷ್ಟರಲ್ಲಿ ಸೊಂಟ ಮಾತಾಡಿತು.

ಬಟನ್ ಒತ್ತಿದೆ. ಇಂಥ ಸರ್ವರ್‌ಗಳ ಫ್ಯಾನ್ ಶುರುವಾಗುವಾಗ ಪೂರ್ತಿ ವೇಗದಲ್ಲೇ ತಿರುಗುತ್ತವೆ ಅಂತ ಓದಿದ್ದೆ. ಓದುವುದು ಬೇರೆ, ಹತ್ತಡಿ ರೂಮಿನಲ್ಲಿ ಕೇಳುವುದು ಬೇರೆ. ಗೋಡೆಯ ಕ್ಯಾಲೆಂಡರ್ ಪಟಪಟ ಅಂತು. ಅವ್ವ ಅಡುಗೆಮನೆಯಿಂದ ಕುಕ್ಕರ್ ಬಿಟ್ಟು ಓಡಿ ಬಂದಳು. ಗೆಳೆಯ ಮಂಡಕ್ಕಿ ತಟ್ಟೆಯನ್ನು ಎದೆಗೆ ಅವಚಿಕೊಂಡ.

ಅಪ್ಪ ಮಾತ್ರ ಬಾಗಿಲಲ್ಲಿ ಸುಮ್ಮನೆ ನಿಂತರು. ಸ್ವಲ್ಪ ಹೊತ್ತು ಕೇಳಿ, "ರಿಂಗ್ ಫ್ರೇಮ್ ಶುರುವಾದಂಗೆ ಆತಲ್ಲಲೇ" ಅಂದರು. ರಿಂಗ್ ಫ್ರೇಮ್ ಅಂದರೆ ಮಿಲ್ಲಿನಲ್ಲಿ ನೂಲು ತೆಗೆಯುವ ಯಂತ್ರ.

ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಊರಿಗೆ ಹೆಸರಿದ್ದ ಕಾಲದ ಕಡೇ ವರ್ಷಗಳಲ್ಲಿ ಅಪ್ಪ ಹತ್ತಿ ಮಿಲ್ಲಿನ ಸ್ಪಿನ್ನಿಂಗ್ ಖಾತೆಗೆ ಸೇರಿದವರು. ಮಿಲ್ಲು ಮುಚ್ಚಿದ ಮೇಲೆ ಅದರ ಮಾತೇ ಆಡುತ್ತಿರಲಿಲ್ಲ. ಅವತ್ತು ಹತ್ತು ನಿಮಿಷ ಆಡಿದರು. ಸಾಲಾಗಿ ಓಡುವ ಯಂತ್ರಗಳ ನಡುವೆ ನೂಲು ಕಡಿದರೆ ನೋಡದೆಯೇ ಬೆರಳಲ್ಲಿ ಕೂಡಿಸುತ್ತಿದ್ದರಂತೆ. ಶಿಫ್ಟ್ ಮುಗಿಸಿ ಬಂದರೆ ಮನೆಯ ನಿಶ್ಶಬ್ದಕ್ಕೇ ನಿದ್ದೆ ಬರುತ್ತಿರಲಿಲ್ಲವಂತೆ. ಕೈಯಲ್ಲಿ ಹೇಗೆ ಅಂತ ತೋರಿಸಿದರು. ಎರಡು ಬೆರಳು, ನಡುವೆ ಇಲ್ಲದ ನೂಲು. ಸರ್ವರ್ ಮನೆಯಲ್ಲೇ ಉಳಿಯಿತು ಅಂದುಕೊಂಡೆ.

ಆಮೇಲೆ ಕೇಳಿದರು, "ಎಷ್ಟು ವ್ಯಾಟು?"

ಗೆಳೆಯನ ಪ್ಲಗ್ ಮೀಟರ್ 200 ತೋರಿಸುತ್ತಿತ್ತು. ಏನೂ ಕೆಲಸ ಮಾಡದೆ, ಸುಮ್ಮನೆ ಕೂತದ್ದಕ್ಕೇ 200. ಅಪ್ಪ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್ ಹಿಡಿದರು. ದಿನಕ್ಕೆ 4.8 ಯೂನಿಟ್, ತಿಂಗಳಿಗೆ 144. ನಮ್ಮ ಮನೆಯ ಸರಾಸರಿ 95. ಗೃಹಜ್ಯೋತಿಯಲ್ಲಿ ಅದರ ಮೇಲೆ ಶೇಕಡಾ 10 ಸೇರಿಸಿ ಪುಕ್ಕಟೆ. ಒಟ್ಟು 200 ದಾಟಿದರೆ ಇಡೀ ಬಿಲ್ ನಮ್ಮ ತಲೆಗೆ. "95ಕ್ಕೆ 144 ಕೂಡಿಸು" ಅಂದರು. ಕೂಡಿಸುವ ಅಗತ್ಯ ಇರಲಿಲ್ಲ. ಗೆಳೆಯ ಆಗಲೇ ಆಟೋಗೆ ಫೋನ್ ಮಾಡುತ್ತಿದ್ದ.

ಕೊನೆಗೆ ತಂದದ್ದು ಲೆನೊವೊ ಥಿಂಕ್‌ಸೆಂಟರ್ ಟೈನಿ ಅನ್ನುವ ಪುಟ್ಟ ಕಂಪ್ಯೂಟರ್. ಇದೂ ಸೆಕೆಂಡ್ ಹ್ಯಾಂಡೇ. ಆರು ಕೋರಿನ ಐ5 ಪ್ರೊಸೆಸರ್, ಗಾತ್ರ ಟಿಫನ್ ಡಬ್ಬಿಯಷ್ಟು, ಸುಮ್ಮನಿದ್ದಾಗ 15 ವ್ಯಾಟಿನೊಳಗೆ. ತಿಂಗಳಿಗೆ 11 ಯೂನಿಟ್ ದಾಟಲ್ಲ. ಮೂರು ಪುಟ ಪ್ಲಾನ್ ಮಾಡಿದ ಜಾಣ ಇದಕ್ಕೆ ಡೆಸ್ಕ್‌ಟಾಪಿನ ಉದ್ದ ರ‍್ಯಾಮ್ ತಂದ. ಇದಕ್ಕೆ ಬೇಕಾದದ್ದು ಲ್ಯಾಪ್‌ಟಾಪಿನ ಗಿಡ್ಡ ರ‍್ಯಾಮ್. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಪ್ರಾಕ್ಸ್‌ಮಾಕ್ಸ್ ಹಾಕಿದೆ. ಒಂದು ಮಷಿನ್ನನ್ನು ಹಲವು ಮಷಿನ್ನಿನಂತೆ ಹಂಚುವ ಸಾಫ್ಟ್‌ವೇರ್, ಅದೂ ಪುಕ್ಕಟೆ. ಅದರೊಳಗೆ ನಾಲ್ಕು ವರ್ಚುವಲ್ ಮಷಿನ್. ಅಪ್ಪನಿಗೆ ಅರ್ಥವಾಗಲಿ ಅಂತ ವಠಾರದ ಹೋಲಿಕೆ ಕೊಟ್ಟೆ. "ಮನೆ ಒಂದೇ ಅಪ್ಪಾ. ಒಳಗೆ ನಾಲ್ಕು ಬಾಡಿಗೆ ಸಂಸಾರ. ಒಬ್ಬರ ಒಲೆ ಇನ್ನೊಬ್ಬರಿಗೆ ಗೊತ್ತಾಗಲ್ಲ. ಮೀಟರ್ ಮಾತ್ರ ಒಂದೇ." ಅಪ್ಪ ತಲೆಯಾಡಿಸಿದರು. ಆ ರಾತ್ರಿ ಹತ್ತೂವರೆಗೆ ಟಕ್.

ಮಾರನೇ ದಿನ ಸ್ವಿಚ್ಚಿನ ಮೇಲೆ "ಆಫ್ ಮಾಡಬೇಡಿ" ಅಂತ ಚೀಟಿ ಅಂಟಿಸಿದೆ. ಅಪ್ಪ ಅದನ್ನು ಹರಿಯದಂತೆ ನಿಧಾನಕ್ಕೆ ಬಿಡಿಸಿ, ಟಕ್ ಮಾಡಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಲೋಟದ ಕೆಳಗೆ ಇಟ್ಟಿದ್ದರು. "ಹಗಲಿಗೆ ಬರ್ದಿದ್ದಿ ಅಂತ ಮಾಡಿದ್ದೆ" ಅಂದರು. ಇನ್ಸುಲೇಷನ್ ಟೇಪ್ ಸುತ್ತಿದೆ. ಮೇನ್ ಸ್ವಿಚ್ಚೇ ಇಳಿಯಿತು. ಆ ಸೆಕೆಯಲ್ಲಿ ಫ್ಯಾನಿಲ್ಲದೆ ಎಲ್ಲರೂ ಎದ್ದು ಕೂತೆವು, ಅಪ್ಪನೂ ಸೇರಿ.

ಆಮೇಲೆ ಯುಪಿಎಸ್ ತಂದೆ. ಅಪ್ಪ ಆರಿಸಿದರೂ ಬ್ಯಾಟರಿಯಲ್ಲಿ ಸ್ವಲ್ಪ ಹೊತ್ತು ಓಡುತ್ತದೆ, ಕೀಂ ಕೀಂ ಅಂದಾಗ ನಾನು ಎದ್ದು ಬರಬಹುದು. ಎಂಥ ಪ್ಲಾನ್ ಅಲ್ವಾ? ಆ ರಾತ್ರಿ ಅಪ್ಪ ಟಕ್ ಮಾಡಿದರು, ಅದು ಕೂಗಿತು. ಅಪ್ಪ ಲೈಟ್ ಹಾಕಿ, ಕನ್ನಡಕ ಏರಿಸಿ, ಯುಪಿಎಸ್ಸಿನ ಬಟನ್ ಹುಡುಕಿ, ಸುಮ್ಮನಾಗುವವರೆಗೂ ಒತ್ತಿ ಹಿಡಿದರು. "ಪಾಪ, ಕೂಗಿಕೋತಿತ್ತು. ನಿನಗ ನಿದ್ದಿ ಕೆಡ್ತದೆ ಅಂತ ಬಂದ್ ಮಾಡಿದೆ."

ಅವರ ಒಳ್ಳೇತನಕ್ಕೆ ಎದುರು ಏನು ಮಾತಾಡುವುದು?

ಆದರೂ ಇವತ್ತು ಬೆಳಿಗ್ಗೆ ಜೋರಾಗಿಯೇ ಕೇಳಿದೆ. "ಅಪ್ಪಾ, ಒಳಗೆ ನಾಲ್ಕು ಸಂಸಾರ ಇದಾವೆ ಅಂತ ಹೇಳಿದ್ದೆ ತಾನೆ? ನಡುರಾತ್ರಿ ಕರೆಂಟ್ ತೆಗೆದರೆ ಅವು ಏನು ಮಾಡಬೇಕು?"

ಅಪ್ಪ ಪೇಪರಿನಿಂದ ಕಣ್ಣು ಎತ್ತಲಿಲ್ಲ.

"ಎರಡು ತಿಂಗಳಾತು. ಬಾಡಿಗಿ ಕೊಟ್ಟಾವೇನು?"