ಸಾರಭೂತ ತೈಲದ ಸನ್‌ಸ್ಕ್ರೀನ್: ಒಂದು ಎಚ್ಚರಿಕೆ ಸೇರಿಸಿ

ತುಳಸಿ, ಪುದೀನ, ನಿಂಬೆ ಜಾತಿಯ ಸಾರಭೂತ ತೈಲಗಳಿಂದ (ಗಿಡಗಳಿಂದ ತೆಗೆದ ಸುವಾಸನೆಯ ಎಣ್ಣೆಗಳಿಂದ) ಸನ್‌ಸ್ಕ್ರೀನ್ ರೂಪಿಸುವ ಪ್ರಯತ್ನವನ್ನು ತಮ್ಮ ಲೇಖನದಲ್ಲಿ ಪರಿಚಯಿಸಿದ ಲೇಖಕರಿಗೆ ವಂದನೆಗಳು. ಆದರೆ ಇಂಥ ಅಧ್ಯಯನಗಳಲ್ಲಿ ಕಾಣುವ ಎಸ್‌ಪಿಎಫ್ (ಬಿಸಿಲಿನಿಂದ ಸಿಗುವ ರಕ್ಷಣೆಯ ಅಳತೆ) ಅಂಕಿಗಳು ಹೆಚ್ಚಾಗಿ, ಆಲ್ಕೋಹಾಲಿನಲ್ಲಿ ಕರಗಿಸಿದ ತೈಲವು 290ರಿಂದ 320 ನ್ಯಾನೊಮೀಟರ್ ತರಂಗಾಂತರದ ಕಿರಣಗಳನ್ನು ಎಷ್ಟು ಹೀರುತ್ತದೆ ಎಂಬುದರ ಮೇಲೆ ಲೆಕ್ಕ ಹಾಕಿದಂಥವೇ ಹೊರತು ಚರ್ಮದ ಮೇಲೆ ಅಳೆದಂಥವಲ್ಲ. ಬೇಗನೆ ಆವಿಯಾಗುವ ತೈಲ ಬಿಸಿಲಿನಲ್ಲಿ ಎಷ್ಟು ಹೊತ್ತು ಉಳಿದೀತು ಎಂಬುದನ್ನಾಗಲಿ, 320ರಿಂದ 400 ನ್ಯಾನೊಮೀಟರ್‌ವರೆಗಿನ ಯುವಿಎ ಎಂಬ ನೇರಳಾತೀತ ಕಿರಣಗಳನ್ನಾಗಲಿ ಆ ಲೆಕ್ಕ ಒಳಗೊಳ್ಳುವುದಿಲ್ಲ.

ನನಗೆ ಇದಕ್ಕಿಂತ ಕಳವಳದ ಸಂಗತಿಯೆಂದರೆ, ನಿಂಬೆ ಜಾತಿಯ ಹಣ್ಣಾದ ಬರ್ಗಮಾಟ್‌ನ ಸಿಪ್ಪೆಯನ್ನು ಹಿಂಡಿ ತೆಗೆದ ತೈಲದಲ್ಲಿರುವ ಬರ್ಗಾಪ್ಟೆನ್ ಎಂಬ ರಾಸಾಯನಿಕ ಬಿಸಿಲು ತಾಗಿದಾಗ ಚರ್ಮವನ್ನು ಸುಡಬಲ್ಲದು. ಉಳಿಯುವ ಕಪ್ಪು ಕಲೆ ತಿಂಗಳುಗಟ್ಟಲೆ ಮಾಸದೆ ಇರಬಹುದು. ಮನೆಯಲ್ಲೇ ತೈಲ ಬೆರೆಸಿ ಮಕ್ಕಳಿಗೆ ಹಚ್ಚುವವರಿದ್ದಾರೆ; ಅವರಿಗಾಗಿ ಈ ಎಚ್ಚರಿಕೆಯನ್ನು ಲೇಖನದ ಆರಂಭದಲ್ಲೇ ಸೇರಿಸಬೇಕೆಂದು ಕೋರುತ್ತೇನೆ.