ಡೇಟಾ ಕೇಳಿದ್ದೇ ತಪ್ಪಾ?

ಈಗಷ್ಟೇ ಒಂದು ಆನ್‌ಲೈನ್ ಸೆಮಿನಾರ್ ಮುಗಿಯಿತು. ತಲೆ ಕೆಟ್ಟಿದೆ. ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳು, "ಸರ್, ನಿಮ್ಮ ಡೇಟಾ, ಕೋಡ್ ಸಿಗುತ್ತಾ? ನಾನೂ ಒಮ್ಮೆ ಮಾಡಿ ನೋಡಬೇಕಿತ್ತು" ಎಂದು ವಿನಯವಾಗಿಯೇ ಕೇಳಿದಳು. (ಕೋಡ್ ಅಂದರೆ ಡೇಟಾದಿಂದ ಲೆಕ್ಕ ತೆಗೆಯುವ ಕಂಪ್ಯೂಟರ್ ಪ್ರೋಗ್ರಾಂ.) ಸೆಮಿನಾರ್‌ನಲ್ಲಿ ತಮ್ಮ ಸಂಶೋಧನೆ ಬಗ್ಗೆ ಮಾತಾಡಿದವರು ನಕ್ಕು, "ಯಾಕಮ್ಮಾ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂದರು. ಉಳಿದವರೂ ನಕ್ಕರು. ಮುಂದಿನ ಪ್ರಶ್ನೆ!

ಇಲ್ಲ ಸ್ವಾಮಿ, ನಂಬಿಕೆ ಇಲ್ಲ. ಇರಬೇಕಾಗಿಯೂ ಇಲ್ಲ. ನಂಬಿಕೆಯಲ್ಲೇ ಕೆಲಸ ಸಾಗುವಂತಿದ್ದರೆ ಸಂಶೋಧನಾ ಪೇಪರ್‌ನಲ್ಲಿ ವಿಧಾನ ಅಂತ ಪುಟಗಟ್ಟಲೆ ಯಾಕೆ ಬರೆಯುತ್ತೀರಿ?

ಒಂದು ಉದಾಹರಣೆ ನೋಡಿ. ಕಾರ್ಮೆನ್ ರೈನ್‌ಹಾರ್ಟ್, ಕೆನೆತ್ ರೋಗಾಫ್ ಇಬ್ಬರೂ ದೊಡ್ಡ ಅರ್ಥಶಾಸ್ತ್ರಜ್ಞರು. ದೇಶದ ಸಾಲ ಜಿಡಿಪಿಯ ಶೇ. 90 ದಾಟಿದರೆ ಬೆಳವಣಿಗೆ ಸರಾಸರಿ ಸೊನ್ನೆಗಿಂತ ಕೆಳಗೆ, ಮೈನಸ್ ಶೇ. 0.1ಕ್ಕೆ ಇಳಿಯುತ್ತದೆ ಎಂದು 2010ರಲ್ಲಿ ಬರೆದರು. ಸರ್ಕಾರದ ಖರ್ಚಿಗೆ ಕತ್ತರಿ ಹಾಕಬೇಕೆಂದಿದ್ದ ರಾಜಕಾರಣಿಗಳಿಗೆ ಇಷ್ಟು ಸಾಕಾಯಿತು. ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿ ಕ್ಲಾಸಿನ ಅಸೈನ್‌ಮೆಂಟ್‌ಗೆಂದು ಅದೇ ಲೆಕ್ಕ ಮಾಡಲು ಕೂತ. ಎಷ್ಟು ತಿಣುಕಿದರೂ ತಾಳೆ ಆಗಲಿಲ್ಲ. ಕೊನೆಗೆ ಅವರ ಎಕ್ಸೆಲ್ ಫೈಲನ್ನೇ ಕೇಳಿದ. ಕಳಿಸಿದರು, ಅದನ್ನು ಮೆಚ್ಚಬೇಕು. ತೆರೆದರೆ, ಸರಾಸರಿಯ ಫಾರ್ಮುಲಾ ಐದು ದೇಶಗಳ ಸಾಲುಗಳನ್ನು ಬಿಟ್ಟೇಬಿಟ್ಟಿದೆ! ಅದರ ಜೊತೆ ಕೆಲವು ವರ್ಷಗಳ ಅಂಕಿಗಳೂ ಸೇರಿಲ್ಲ, ಸರಾಸರಿ ತೆಗೆದ ರೀತಿಯೂ ವಿಚಿತ್ರ. ಎಲ್ಲ ಸರಿಮಾಡಿದಾಗ ಅವನಿಗೆ ಬಂದ ಬೆಳವಣಿಗೆ ಶೇ. 2.2. ಇದು 2013ರ ಮಾತು. ಎಕ್ಸೆಲ್ ತಪ್ಪನ್ನು ಅವರೂ ಒಪ್ಪಿಕೊಂಡರು, ತೀರ್ಮಾನವನ್ನು ಮಾತ್ರ ಬಿಡಲಿಲ್ಲ. ಇರಲಿ. ಆ ಫೈಲ್ ಕೇಳದೇ ಇದ್ದಿದ್ದರೆ?

ಲ್ಯಾಬ್‌ಗಳ ಕಥೆ ಇನ್ನೂ ಚೆಂದ. ಹೆಸರು ಮಾಡಿದ 53 ಕ್ಯಾನ್ಸರ್ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬಂದದ್ದು 6ರಲ್ಲಿ ಮಾತ್ರ ಎಂದು ಆಮ್ಜೆನ್ ಎಂಬ ಔಷಧಿ ಕಂಪನಿಯಲ್ಲಿದ್ದ ಗ್ಲೆನ್ ಬೆಗ್ಲಿ 2012ರಲ್ಲಿ ಬರೆದರು. ಅಂಥ ಪೇಪರ್ ನೆಚ್ಚಿಕೊಂಡು ಔಷಧಿ ಹುಡುಕಲು ಹೊರಟವರ ಗತಿ ಏನು? (ಕೊನೆಗೆ ಆ 53 ಯಾವುವು ಅನ್ನೋ ಪಟ್ಟಿಯನ್ನೂ ಅವರು ಕೊಡಲಿಲ್ಲ. ಎಲ್ಲರೂ ಎಲ್ಲರನ್ನೂ ನಂಬಬೇಕು, ಅಲ್ವಾ!)

ನಿಜ ಹೇಳುತ್ತೇನೆ, ಬೇರೆಯವರು ನನ್ನ ಕೋಡ್ ತೆರೆದು ಓದುತ್ತಾರೆ ಅಂದರೆ ನನಗೂ ಹೊಟ್ಟೆಯಲ್ಲಿ ಕಲಸುತ್ತದೆ. ‘ಫೈನಲ್’, ‘ಫೈನಲ್ ಹೊಸದು’, ‘ಇದೇ ಫೈನಲ್’ ಅನ್ನೋ ಫೈಲುಗಳು ನನ್ನ ಹತ್ತಿರವೂ ಇವೆ. ಆದರೂ ಕೊಡುತ್ತೇನೆ. ಸಂಕೋಚ ನನ್ನದು, ಫಲಿತಾಂಶ ಊರಿನದು.

"ರೋಗಿಗಳ ಖಾಸಗಿ ಮಾಹಿತಿ ಇರುತ್ತದೆ, ಹಾಗೆಲ್ಲ ಕೊಡಲಾಗದು" ಎಂದು ಯಾರಾದರೂ ಕಾಮೆಂಟ್ ಹಾಕೇ ಹಾಕುತ್ತೀರಿ. ಸರಿ, ಗುರುತು ಸಿಗದ ಹಾಗೆ ಮಾಡಿ ಕೊಡಿ. ಅದೂ ಆಗದಿದ್ದರೆ ಕೋಡ್ ಆದರೂ ಕೊಡಿ. ಅದರಲ್ಲಿ ಯಾವ ರೋಗಿ ಮಲಗಿದ್ದಾನೆ?